ಒಂದು ಸಾಲು ಬಲದಿಂದ, ಒಂದು ಸಾಲು ಎಡದಿಂದ

ನಾನು ಅವತ್ತು ಯಾವ ಕಡೆಯಿಂದ ಕೂಗಿದೆ ಅನ್ನುವುದು ಐದು ವಾರ ನನ್ನ ತಲೆ ಕೊರೆಯುತ್ತಿತ್ತು. ಮಗಳ ಬಾಟಲಿ ಕುದಿಯಲು ಇಟ್ಟಾಗ, ಅವಳ ಉಗುರು ಕತ್ತರಿಸುವಾಗ, ಗ್ಯಾಸ್ ಆಫ್ ಮಾಡಿದೆನಾ ಅಂತ ಎರಡನೇ ಸಲ ಅಡುಗೆಮನೆಗೆ ಹೋದಾಗ, ಹಿಂದೆಯೇ ಇದೂ ಬಂದು ನಿಲ್ಲುತ್ತಿತ್ತು. ನಮ್ಮ ಮಲಗುವ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಒಂದು ಕುರ್ಚಿ ಇದೆ. ಅದರಲ್ಲಿ ಕೂತವರ ಎಡಕ್ಕೆ ಬಚ್ಚಲುಮನೆ, ಬಲಕ್ಕೆ ಬಟ್ಟೆಯ ಕಪಾಟು. ನಾನು ಕಪಾಟಿನ ಹತ್ತಿರ ನಿಂತು ಕೂಗಿದ್ದರೆ ತಪ್ಪು ನನ್ನದಲ್ಲ. ಬಚ್ಚಲುಮನೆಯ ಬಾಗಿಲಿಂದ ಕೂಗಿದ್ದರೆ ಪೂರಾ ನನ್ನದೇ. ಯಾಕೆಂದರೆ ಅವತ್ತು ಆ ಕುರ್ಚಿಯಲ್ಲಿ ಕೂತಿದ್ದವಳು ನನ್ನ ದೊಡ್ಡಮ್ಮ. ಅವಳಿಗೆ ಎಡಗಿವಿ ಕೇಳಿಸುವುದಿಲ್ಲ. ಅದು ನನಗೆ ಹನ್ನೊಂದನೇ ವಯಸ್ಸಿನಿಂದ ಗೊತ್ತು.

ಇವರ ಹತ್ತಿರ ಹೇಳಿಕೊಂಡರೆ, "ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಾ? ಮಗು ಚೆನ್ನಾಗಿದೆ ತಾನೆ?" ಅನ್ನುತ್ತಿದ್ದರು. ಮಗು ಚೆನ್ನಾಗಿತ್ತು. ಹಣೆ ಊದಿದ್ದು ನಾಲ್ಕೇ ದಿನದಲ್ಲಿ ಇಳಿದಿತ್ತು. ಮನೆ ಬಿಟ್ಟು ಹೋದವಳು ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತೊಂದು ವರ್ಷ ಒಂದೇ ಸ್ವೆಟರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸ್ಯಾಂಪಲ್ಲಕ್ಕ ಅಂತ. ಹೊಸ ಡಿಸೈನ್ ಬಂದಾಗ ಮೊದಲ ಸ್ವೆಟರನ್ನು ಕೈಯಲ್ಲಿ ಹೆಣೆದು ತೋರಿಸುವುದು ಅವಳ ಕೆಲಸ. ಡಿಸೈನ್ ಬರುತ್ತಿದ್ದದ್ದು ಚೌಕುಳಿ ಹಾಳೆಯ ಮೇಲೆ. ಒಂದೊಂದು ಮನೆಯೂ ಒಂದೊಂದು ಕುಣಿಕೆ. ಕಪ್ಪು ಮಾಡಿದ ಮನೆಗೆ ಒಂದು ಬಣ್ಣದ ಉಣ್ಣೆ, ಖಾಲಿ ಮನೆಗೆ ಇನ್ನೊಂದು. ಡಿಸೈನ್ ಮಾಡಿದವರು ಎಲ್ಲಾದರೂ ಎಡವಿದ್ದರೆ ಅದು ಸಿಕ್ಕಿಬೀಳುತ್ತಿದ್ದದ್ದು ಇವಳ ಕೈಯಲ್ಲೇ. "ಹದಿನಾಲ್ಕನೇ ಸಾಲು ತಪ್ಪು, ತಿದ್ದಿ ಕಳಿಸಿ" ಅಂತ ಕೆಂಪು ಪೆನ್ನಲ್ಲಿ ಬರೆದು ಹಾಳೆ ವಾಪಸ್ ಕಳಿಸುತ್ತಿದ್ದಳು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ದೊಡ್ಡ ದೊಡ್ಡ ಓದು ಓದಿದವರ ತಪ್ಪು ಹಿಡಿಯುತ್ತಾಳೆ ಅಂತ ನನಗೆ ಬಹಳ ಜಂಬ ಇತ್ತು.

ಅವಳ ಕೈ ದಾಟದೆ ಒಂದು ಡಿಸೈನೂ ಅಂಗಡಿ ಮುಟ್ಟಲಿಲ್ಲ. ಆದರೆ ಅವಳು ಹೆಣೆದದ್ದು ಒಂದೂ ಅಂಗಡಿಗೆ ಹೋಗಲಿಲ್ಲ. ಸ್ಯಾಂಪಲ್‌ಗಳು ಎದೆಗೆ ಚೀಟಿ ಚುಚ್ಚಿಸಿಕೊಂಡು ಕಪಾಟಿನಲ್ಲೇ ಉಳಿಯುತ್ತಿದ್ದವು. ಅವಕ್ಕೆ ಒಂದೇ ತೋಳು. ಒಂದು ತೋಳು ಸರಿ ಬಂದರೆ ಇನ್ನೊಂದೂ ಹಾಗೇ ತಾನೆ, ಸುಮ್ಮನೆ ಯಾಕೆ ಉಣ್ಣೆ ದಂಡ ಅಂತ ಮೇಲಿನವರ ಅಂಬೋಣ. ಯಾರಾದರೂ ಮದುವೆಯ ಮಾತು ಎತ್ತಿದರೆ ದೊಡ್ಡಮ್ಮ ತಾನೇ ಮುಂದಾಗಿ ನಗುತ್ತಿದ್ದಳು. "ನಾನು ಸ್ಯಾಂಪಲ್ ಆಗೇ ಉಳ್ಕೊಂಡೆ ಕಣೇ. ಆರ್ಡರ್ ಬರಲಿಲ್ಲ."

ಮೆಷಿನ್ ಹಾಲಿನ ಮೂಲೆಯಲ್ಲಿ, ಗಾಜಿನ ಮರೆಯ ಹಿಂದೆ ಅವಳ ಮೇಜು. ಬಲಗಡೆ ಕಿಟಕಿ, ಬೆಳಕಿಗೆ. ಎಡಗಡೆ ಅರವತ್ತು ಮೆಷಿನ್. ಹತ್ತು ವರ್ಷಕ್ಕೆ ಎಡಗಿವಿ ಮಂದವಾಯಿತು, ಆಮೇಲೆ ಪೂರ್ತಿ ಹೋಯಿತು. ಒಂದೇ ಒಂದು ಸಂಬಂಧ ಹತ್ತಿರ ಬಂದಿತ್ತಂತೆ. ಆತ ಪಕ್ಕದಲ್ಲಿ ಕೂತು ಏನೋ ಕೇಳಿದ, ಇವಳು ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೇಳಿದ, ಆಗಲೂ ಇಲ್ಲ. ಹುಡುಗಿಗೆ ಸೊಕ್ಕು ಅಂತ ಎದ್ದು ಹೋದರು. "ಆ ಪುಣ್ಯಾತ್ಮ ಬಲಗಡೆ ಕೂತಿದ್ದಿದ್ರೆ ನಿನಗೊಬ್ಬ ದೊಡ್ಡಪ್ಪ ಇರ್ತಿದ್ದ" ಅಂತ ಇದನ್ನೂ ತಮಾಷೆ ಮಾಡಿಯೇ ಹೇಳುತ್ತಿದ್ದಳು.

ಒಳ್ಳೆ ಸ್ಕೂಲು ಸಿಗಲಿ ಅಂತ ಹನ್ನೊಂದನೇ ವಯಸ್ಸಿಗೆ ನನ್ನನ್ನು ಅವಳ ಹತ್ತಿರ ಬಿಟ್ಟರು. ಒಂದು ಕೋಣೆ, ಒಂದು ಸ್ಟೌವ್, ಒಂದು ಮಂಚ. ಐದು ವರ್ಷ ಹಾಗೇ ಕಳೆಯಿತು. ಬೇಡ ಅಂದ ಸ್ಯಾಂಪಲ್‌ಗಳನ್ನು ಅವಳು ಮನೆಗೆ ತರುತ್ತಿದ್ದಳು, ಮನೆಯಲ್ಲಿದ್ದ ಉಣ್ಣೆಯಲ್ಲಿ ಇನ್ನೊಂದು ತೋಳು ಹೆಣೆದು ನನಗೆ ಹಾಕುತ್ತಿದ್ದಳು. ಬಣ್ಣಕ್ಕೆ ಬಣ್ಣ ಸೇರುತ್ತಿರಲಿಲ್ಲ. ಸ್ಕೂಲಲ್ಲಿ ಹುಡುಗಿಯರು ಕಿಸಕ್ ಅಂದರೆ ನಾನು ಅತ್ತುಕೊಂಡು ಬರುತ್ತಿದ್ದೆ. "ಫ್ಯಾಷನ್ ಅನ್ನು. ಅವರಿಗೆ ಎರಡು ವರ್ಷ ಆದ್ಮೇಲೆ ಬರುತ್ತೆ ಅನ್ನು" ಅನ್ನುತ್ತಿದ್ದಳು. ರಸ್ತೆಯಲ್ಲಿ ಅವಳ ಬಲಗಡೆಗೇ ನಡೆಯಬೇಕು, ಮನೆಯಲ್ಲಿ ಕರೆಯಬೇಕಾದರೆ ಸುತ್ತಿಕೊಂಡು ಬಲಗಡೆಗೆ ಹೋಗಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ತಾನಾಗಿ ಬಂತು. ಈಗಲೂ ಯಾರ ಜೊತೆ ನಡೆದರೂ ಬಲಗಡೆಗೆ ಸರಿಯುತ್ತೇನೆ. ಇವರು ಮೊದಮೊದಲು ಅದನ್ನು ನಾಚಿಕೆ ಅಂದುಕೊಂಡಿದ್ದರು.

ನಾಲ್ಕು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ದೊಡ್ಡಮ್ಮ ಹೆಂಗಸರ ಹಾಸ್ಟೆಲ್ಲಿನಲ್ಲಿ ಒಂದು ಕೋಣೆ ಹಿಡಿದು, ಹರಿದ ಸ್ವೆಟರ್ ಸರಿ ಮಾಡಿಕೊಡುವ ಕೆಲಸ ಶುರು ಮಾಡಿದಳು. ನನ್ನ ಅಮ್ಮ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಮಗಳಿಗೆ ನಾಲ್ಕು ತಿಂಗಳಾದಾಗ ನನಗೆ ನಿದ್ದೆಯಿಲ್ಲದೆ ಗೋಡೆ ಹಿಡಿದುಕೊಂಡು ಓಡಾಡುವ ಸ್ಥಿತಿ. ಒಂದು ಫೋನಿಗೆ ದೊಡ್ಡಮ್ಮ ಬ್ಯಾಗು ಹಿಡಿದು ಬಂದಳು. "ಎರಡು ತಿಂಗಳು ಇರ್ತೀನಿ. ಆಮೇಲೆ ನೀನೇ ಓಡಿಸ್ತೀಯಾ" ಅಂದಳು.

ಆ ಆಟವನ್ನು ನನ್ನ ಫೋನಿಗೆ ಹಾಕಿಕೊಟ್ಟವರು ಇವರು. ಹಾಲು ಕುಡಿಸುತ್ತಾ ಗಂಟೆಗಟ್ಟಲೆ ಕೂತಾಗ ತಲೆ ಕೆಡಿಸಿಕೊಳ್ಳಬೇಡ, ಇದನ್ನಾದರೂ ಆಡು ಅಂತ. ಒಬ್ಬ ಹುಡುಗಿ ಹಳೆಯ ದೀಪಸ್ತಂಭವೊಂದರ ಒಳಗೆ ಸಿಕ್ಕಿಹಾಕಿಕೊಂಡಿರುತ್ತಾಳೆ. ಹೊರಗೆ ಸಮುದ್ರ ಏರುತ್ತಿರುತ್ತದೆ. ಅವಳು ಮೇಲಿನ ದೀಪದವರೆಗೆ ಹತ್ತಬೇಕು, ಒಂದೊಂದು ಮಹಡಿಗೂ ಒಂದೊಂದು ಬಾಗಿಲು, ಒಂದೊಂದು ಬಾಗಿಲಿಗೂ ಒಂದೊಂದು ಒಗಟು. ಎರಡು ಬಾಗಿಲು ಹೇಗೋ ದಾಟಿದೆ. ಮೂರನೆಯದು ತಾಮ್ರದ ಬಾಗಿಲು, ಅದರ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಮನೆ. ಪ್ರತಿ ಅಡ್ಡ ಸಾಲಿನ ಪಕ್ಕದಲ್ಲಿ, ಪ್ರತಿ ಉದ್ದ ಸಾಲಿನ ಮೇಲೆ ಅಂಕಿಗಳು. ಏಳು ಅಂತಿದ್ದರೆ ಆ ಸಾಲಿನಲ್ಲಿ ಏಳು ಮನೆ ಒಟ್ಟಿಗೆ ಕಪ್ಪಾಗಬೇಕು. ಐದು, ಎರಡು ಅಂತಿದ್ದರೆ ಐದು ಕಪ್ಪು, ನಡುವೆ ಒಂದಾದರೂ ಖಾಲಿ, ಆಮೇಲೆ ಎರಡು ಕಪ್ಪು. ಅಡ್ಡಕ್ಕೂ ಉದ್ದಕ್ಕೂ ಹೊಂದಿದರೆ ಒಂದು ಚಿತ್ರ ಮೂಡುತ್ತದೆ, ಬಾಗಿಲು ತೆರೆಯುತ್ತದೆ.

ನಾನು ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತಿದ್ದೆ. ದೊಡ್ಡಮ್ಮ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅದೇನು, ಲಾಟರಿನಾ? ಕಂಡಕಂಡಲ್ಲಿ ಕುಟ್ಟುತ್ತಿದ್ದೀಯಲ್ಲ."

"ಅಂದಾಜಲ್ಲೇ ಮಾಡ್ಬೇಕು ದೊಡ್ಡಮ್ಮ."

"ಯಾರು ಹೇಳಿದ್ದು? ಇಲ್ಲಿ ಏಳಿದೆ ನೋಡು. ಹತ್ತು ಮನೆಯಲ್ಲಿ ಏಳು ಆ ತುದಿಯಿಂದ ಶುರುವಾದ್ರೂ, ಈ ತುದಿಯಿಂದ ಶುರುವಾದ್ರೂ, ನಡುವಿನ ನಾಲ್ಕು ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತವೆ? ಅವನ್ನ ಮೊದಲು ಕಪ್ಪು ಮಾಡು. ಎಲ್ಲಿ ಬರೋಕೆ ಸಾಧ್ಯವೇ ಇಲ್ವೋ ಅಲ್ಲೊಂದು ಚುಕ್ಕಿ ಇಡು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಫೋನ್ ಅವಳ ಕೈಗೆ ಹೋಯಿತು, ಮತ್ತೆ ನನ್ನ ಕೈಗೆ ಬರಲಿಲ್ಲ. ಮರುದಿನ ಅಂಗಡಿಯಿಂದ ಗ್ರಾಫ್ ಹಾಳೆ ತಂದಳು. ಮಧ್ಯಾಹ್ನ ಮಗು ಮಲಗಿದಾಗ ಕಿಟಕಿಯ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಫೋನಿನ ಮೇಲೆ ಒಂದು ಕಣ್ಣು ಹಾಳೆಯ ಮೇಲೆ ಇಟ್ಟು ಪೆನ್ಸಿಲ್ ಆಡಿಸುತ್ತಿದ್ದಳು. ಆಟದ ಹುಡುಗಿಯ ಚಿಂತೆಯೂ ಅವಳಿಗೇ ಹತ್ತಿತು. "ಆ ಹುಡುಗಿ ಒದ್ದೆ ಬೂಟಲ್ಲಿ ಎಷ್ಟು ದಿನ ಅಂತ ನಿಂತಿರ್ತಾಳೆ" ಅನ್ನುತ್ತಿದ್ದಳು. ಎರಡು ವಾರವಾದರೂ ಬಾಗಿಲು ಜಗ್ಗಲಿಲ್ಲ. ಅಡ್ಡ ಸಾಲು ಹೊಂದಿದರೆ ಉದ್ದ ಹೊಂದುತ್ತಿರಲಿಲ್ಲ. ಕೊನೆಗೆ ಅವಳ ತೀರ್ಮಾನ: "ಈ ಆಟ ಮಾಡಿದವನಿಗೇ ಎಣಿಸೋಕೆ ಬರಲ್ಲ."

ನಿಜ ಹೇಳಬೇಕೆಂದರೆ ಆ ಮಧ್ಯಾಹ್ನಗಳಷ್ಟು ಹಗುರವಾದ ಹೊತ್ತು ಹೆರಿಗೆಯಾದ ಮೇಲೆ ನನಗೆ ಸಿಕ್ಕಿರಲಿಲ್ಲ.

ಇನ್ನು ಅವತ್ತಿನ ವಿಷಯ. ಮಗಳು ಮಂಚದ ನಡುವೆ ಮಲಗಿದ್ದಳು. ದೊಡ್ಡಮ್ಮ ಕುರ್ಚಿಯಲ್ಲಿ, ಮಂಚಕ್ಕೆ ಬೆನ್ನು ಹಾಕಿ. ನಾನು ಸ್ನಾನಕ್ಕೆ ಹೊರಟು, "ದೊಡ್ಡಮ್ಮ, ಪಾಪುನ ನೋಡ್ಕೋ" ಅಂದೆ. ಅವಳು ತಲೆ ಆಡಿಸಿದಳು ಅಂತ ನನಗೆ ಅನ್ನಿಸಿತು. ಹಾಳೆ ನೋಡುತ್ತಾ ತನಗೆ ತಾನೇ ಆಡಿಸಿರಬಹುದು. ತಲೆಗೆ ಎರಡು ಚೊಂಬು ನೀರು ಬಿದ್ದಿತ್ತೋ ಇಲ್ಲವೋ, ಧಡ್ ಅಂತ ಸದ್ದು. ಆಮೇಲೆ ಆ ಅಳು. ಮಗಳು ಮೊದಲ ಸಲ ತಾನಾಗಿ ಮಗ್ಗುಲಾಗಿದ್ದಳು, ನೇರ ನೆಲಕ್ಕೆ. ನಾನು ಒದ್ದೆ ಮೈಯಲ್ಲಿ ಓಡಿ ಬಂದಾಗ ದೊಡ್ಡಮ್ಮ ಅವಳನ್ನು ಎತ್ತಿಕೊಂಡಿದ್ದಳು. ನಾನು ಮಗುವನ್ನು ಕಿತ್ತುಕೊಂಡೆ.

"ನೋಡ್ಕೋ ಅಂತ ಹೇಳಿ ಹೋಗಿದ್ದೆ ತಾನೆ?"

"ಹೇಳಿದ್ಯಾ? ನಂಗೆ ಕೇಳಿಸ್ಲಿಲ್ಲ ಕಣೇ..."

"ನಿಮಗೆ ಮಕ್ಕಳಿದ್ದಿದ್ದರೆ ಕೇಳಿಸ್ತಿತ್ತು."

ಜಗಳ ಬಂದರೆ ಜನ ನೀವು ಬಿಟ್ಟು ನೀನು ಅನ್ನಲು ಶುರು ಮಾಡುತ್ತಾರೆ. ನಾನು ಮಾತು ಕಲಿತಾಗಿನಿಂದ ನೀನು ಅಂದವಳಿಗೆ ಅವತ್ತು ನೀವು ಅಂದೆ. ಬೈಗುಳವಾಗಿದ್ದರೆ ಅವಳು ತಿರುಗಿ ಬೈದು ಮುಗಿಸುತ್ತಿದ್ದಳೇನೋ. ಆಸ್ಪತ್ರೆಗೆ ನಮ್ಮ ಜೊತೆ ಬಂದಳು, ಡಾಕ್ಟರು ಏನೂ ಆಗಿಲ್ಲ ಅನ್ನುವವರೆಗೆ ಬಾಗಿಲ ಹೊರಗೆ ನಿಂತೇ ಇದ್ದಳು. ಮರುದಿನ ಬೆಳಿಗ್ಗೆ ಬ್ಯಾಗು ಹಿಡಿದು ಹೊಸಿಲಲ್ಲಿ ನಿಂತು, "ಹಾಲು ಫ್ರಿಜ್ಜಲ್ಲಿಟ್ಟಿದ್ದೀನಿ. ಬಾಗಿಲು ಹಾಕ್ಕೊಳ್ಳಿ" ಅಂದಳು. ಅವಳು ಅಂದದ್ದು ಹಾಕ್ಕೊ ಅಂತಲ್ಲ ಅನ್ನುವುದು ನನಗೆ ಹೊಳೆಯುವ ಹೊತ್ತಿಗೆ ಲಿಫ್ಟ್ ಕೆಳಗೆ ಹೋಗಿತ್ತು.

ಇವರು ವಿಚಾರಿಸಿದಾಗ ನಾನು, "ಟವೆಲ್ ತಗೊಳ್ಳೋಕೆ ಕಪಾಟಿನ ಹತ್ತಿರ ಹೋಗಿದ್ದೆ, ಅಲ್ಲಿಂದಾನೇ ಹೇಳಿದೆ. ಕೇಳಿಸಿರಲೇಬೇಕು" ಅಂದೆ. ಎಷ್ಟು ಸಲ ಅಂದೆನೆಂದರೆ ನನಗೇ ಅದು ಕಣ್ಣಿಗೆ ಕಟ್ಟಿದ ಹಾಗೆ ಆಗಿತ್ತು.

ಅವಳು ಹೋದ ಮೇಲೆ ಮನೆ ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಇವರು ಏಳೂವರೆಗೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ನಡುವೆ ನಾನು ಮಗಳ ಜೊತೆ ಮುದ್ದು ಮಾತು ಆಡುತ್ತೇನೆ, ಅವಳು ನಿದ್ದೆ ಹೋದರೆ ನನ್ನ ದನಿ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಲಿಫ್ಟಿನ ಸದ್ದು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು. ಒಂದು ದಿನ ಯೋಚಿಸಿ ನೋಡಿದೆ, ಬೆಳಗಿನಿಂದ ಸಂಜೆಯವರೆಗೆ ದೊಡ್ಡವರು ಅಂತ ನನ್ನನ್ನು ಮಾತಾಡಿಸಿದ್ದು ಸಾಮಾನು ತಂದುಕೊಡುವವನೊಬ್ಬನೇ. ಅದೂ "ಒಟಿಪಿ ಹೇಳಿ ಮೇಡಂ" ಅಂತ. ಭಾನುವಾರ ಹನ್ನೊಂದಕ್ಕೆ ಸರಿಯಾಗಿ ದೊಡ್ಡಮ್ಮನ ಫೋನ್ ಬರುವುದು ವರ್ಷಗಳ ರೂಢಿ. ಐದು ಭಾನುವಾರ ಬರಲಿಲ್ಲ. ನಾನೂ ಮಾಡಲಿಲ್ಲ. ಹತ್ತೂಮುಕ್ಕಾಲಿಗೆ ಫೋನ್ ಎತ್ತಿಕೊಳ್ಳುತ್ತಿದ್ದೆ, ಹನ್ನೊಂದೂಕಾಲಿಗೆ ಇಡುತ್ತಿದ್ದೆ. ಅವಳೂ ಅಲ್ಲಿ, ಮುಚ್ಚಿದ ಕೋಣೆಯಲ್ಲಿ, ಯಾರದೋ ಮೊಣಕೈ ಹರಿದ ಸ್ವೆಟರ್ ತೊಡೆಯ ಮೇಲಿಟ್ಟುಕೊಂಡು ಹೀಗೇ ಕೂತಿರಬಹುದು ಅಂತ ಅನ್ನಿಸಿದರೆ ಇನ್ನಷ್ಟು ಹೆದರಿಕೆಯಾಗುತ್ತಿತ್ತು. ಏನಂತ ಶುರು ಮಾಡಲಿ? ಕ್ಷಮಿಸು ಅಂದರೆ, ಯಾವುದಕ್ಕೆ ಅಂತ ಅವಳು ಕೇಳಿದರೆ?

ಕಳೆದ ವಾರ ಮಗಳ ಗಿಲಕಿ ಕುರ್ಚಿಯ ಸಂದಿಯಲ್ಲಿ ಸಿಕ್ಕಿಕೊಂಡಿತು. ದಿಂಬು ಎತ್ತಿದರೆ ಅಡಿಯಲ್ಲಿ ದೊಡ್ಡಮ್ಮನ ಗ್ರಾಫ್ ಹಾಳೆ. ಅಳಿಸಿ ಅಳಿಸಿ ಕಾಗದ ಒಂದೆರಡು ಕಡೆ ತೂತೇ ಬಿದ್ದಿತ್ತು. ಅಂಚಿನಲ್ಲಿ ಕೆಂಪು ಪೆನ್ನಲ್ಲಿ "ಮೂರನೇ ಸಾಲು ತಪ್ಪು, ತಿದ್ದಿ ಕಳಿಸಿ" ಅಂತ ಬರೆದಿದ್ದಳು. ಯಾರಿಗೆ ಕಳಿಸಬೇಕಿತ್ತೋ. ನನಗೆ ನಗು ಬಂತು.

ಆ ಕುರ್ಚಿಯಲ್ಲೇ ಕೂತು ಹಾಳೆಯನ್ನು ಫೋನಿಗೆ ಹಿಡಿದು ನೋಡಿದೆ. ಒಂದೇ ಅಂಕಿ ಇದ್ದ ಸಾಲುಗಳೆಲ್ಲ ಸರಿ ಕಂಡವು. ಎರಡು ಅಂಕಿ ಇದ್ದವುಗಳಲ್ಲಿ ಕೆಲವು ಸರಿ, ಕೆಲವು ತಿರುಗುಮುರುಗು. ಆಟದಲ್ಲಿ ಐದು, ಎರಡು ಅಂತಿದ್ದರೆ ಇವಳು ಎಡದಿಂದ ಎರಡು ಹಾಕಿ ಆಮೇಲೆ ಐದು ಹಾಕಿದ್ದಳು. ಕಣ್ಣು ತಪ್ಪಿರಬೇಕು ಅಂದುಕೊಂಡೆ. ಆದರೆ ಕುಣಿಕೆಯಲ್ಲಿ ಕಣ್ಣು ತಪ್ಪುವವಳಲ್ಲ ಅವಳು. ಆಗ ಅಂಚಿನ ಸಾಲಿನ ಸಂಖ್ಯೆಗಳು ಕಂಡವು. ಕೆಳಗಿನಿಂದ ಶುರು ಮಾಡಿದ್ದಳು. ಒಂದು ಅಂತ ಬಲಗಡೆ ಬರೆದಿದ್ದಳು, ಎರಡು ಅಂತ ಎಡಗಡೆ, ಮೂರು ಮತ್ತೆ ಬಲಗಡೆ.

ಸ್ವೆಟರ್ ಹಾಗೇ ಹೆಣೆಯುವುದು. ಚಿಕ್ಕವಳಿದ್ದಾಗ ಅವಳ ಪಕ್ಕ ಕೂತು ಎಷ್ಟು ನೋಡಿದ್ದೇನೆ. ಮೊದಲ ಸಾಲನ್ನು ಬಲದಿಂದ ಎಡಕ್ಕೆ ಹೆಣೆದು ಮುಗಿಸುತ್ತಾರೆ, ಕಡ್ಡಿ ತಿರುಗಿಸುತ್ತಾರೆ, ಎರಡನೆಯದನ್ನು ಎಡದಿಂದ ಬಲಕ್ಕೆ. ದಾರ ಕಡಿಯದೆ ಹೋಗಬೇಕಲ್ಲ. ಮೂವತ್ತೊಂದು ವರ್ಷ ಚೌಕುಳಿ ಹಾಳೆಯನ್ನು ಹಾಗೇ ಓದಿದವಳು ಆಟದ ಬಾಗಿಲನ್ನೂ ಹಾಗೇ ಓದಿದ್ದಳು, ಒಂದು ಸಾಲು ಬಲದಿಂದ, ಒಂದು ಸಾಲು ಎಡದಿಂದ. ಒಂದು ಬಿಟ್ಟು ಒಂದು ಸಾಲು ತಪ್ಪದೆ ತಪ್ಪಾಗುತ್ತಾ ಹೋಗಿತ್ತು. ಆಟ ಮಾಡಿದವನ ಮೇಲೆ ಅನುಮಾನ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಸರಿ ಇದ್ದ ಸಾಲುಗಳನ್ನು ಹಾಗೇ ಉಳಿಸಿಕೊಂಡು ಮಿಕ್ಕದ್ದನ್ನು ನಾನು ಹೊಸದಾಗಿ ಮಾಡಿದೆ. ಮೂರು ಮಧ್ಯಾಹ್ನ ಹಿಡಿಯಿತು. ಅಂದಾಜು ಮಾಡಲಿಲ್ಲ. ಅವಳು ಹೇಳಿದ ಹಾಗೆ, ಗಟ್ಟಿಯಾಗಿ ಗೊತ್ತಿದ್ದದ್ದು ಮೊದಲು, ಆಗುವುದೇ ಇಲ್ಲ ಅನ್ನುವಲ್ಲಿ ಚುಕ್ಕಿ. ಆ 'ಆಗುವುದೇ ಇಲ್ಲ' ಹುಡುಕುತ್ತಾ ತಲೆ ಎತ್ತಿದಾಗ ಎಡಗಡೆ ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು. ಬಾಗಿಲ ಹಿಂದಿನ ಕೊಕ್ಕೆಗೆ ಟವೆಲ್ ನೇತುಬಿದ್ದಿತ್ತು. ನಮ್ಮ ಮನೆಯಲ್ಲಿ ಟವೆಲ್ ಇರುವುದೇ ಅಲ್ಲಿ. ಕಪಾಟಿನಲ್ಲಿ ಯಾವತ್ತೂ ಇಟ್ಟಿಲ್ಲ. ನಾನು ಟವೆಲಿಗೆ ಅಂತ ಕಪಾಟಿನ ಹತ್ತಿರ ಹೋಗಿದ್ದೆ ಅನ್ನುವುದಕ್ಕೆ ಒಂದು ಚುಕ್ಕಿ ಇಟ್ಟೆ.

ಎಡಗಡೆಯಿಂದಲೇ ಕೂಗಿದ್ದು. ನಲ್ಲಿ ತಿರುಗಿಸಿ, ಬಕೆಟ್ಟಿಗೆ ನೀರು ಬೀಳುತ್ತಿರುವಾಗ, ಬಾಗಿಲ ಸಂದಿಯಿಂದ. ಸುತ್ತಿಕೊಂಡು ಬಲಗಡೆಗೆ ಹೋಗಲು ಆರು ಹೆಜ್ಜೆ ಬೇಕಿತ್ತು. ಸೋಮಾರಿತನ ಅಷ್ಟೇ.

ಮೂರನೇ ದಿನ ಕೊನೆಯ ಮನೆ ಕಪ್ಪು ಮಾಡಿದ ಕೂಡಲೇ ತಾಮ್ರದ ಮೇಲೆ ಬೆಳಕು ಓಡಿ ಚಿತ್ರ ಮೂಡಿತು. ಬಾತುಕೋಳಿ. ಅಷ್ಟೆಲ್ಲ ಒದ್ದಾಡಿದ್ದು ಒಂದು ಬಾತುಕೋಳಿಗೆ. ಬಾಗಿಲು ಕಿರ್ರೆಂದು ತೆರೆದು ಒದ್ದೆ ಬೂಟಿನ ಹುಡುಗಿ ಮೆಟ್ಟಿಲು ಹತ್ತಿದಳು. "ನೋಡು" ಅಂತ ನಾನು ಗಟ್ಟಿಯಾಗಿಯೇ ಅಂದೆ. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಇವರಿಗೆ ಫೋನ್ ಮಾಡಿದೆ.

"ಏನಾಯ್ತು, ಮಗುಗೆ ಏನಾದ್ರೂ ಆಯ್ತಾ?"

"ಇಲ್ಲ, ಬಾಗಿಲು ತೆಗೀತು."

"ಯಾವ ಬಾಗಿಲು? ಬೀಗದವನನ್ನ ಕರೆಸಿದ್ಯಾ?"

"ಆಟದ್ದು."

"ಓ. ಒಳ್ಳೇದಾಯ್ತು. ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ತೀನಿ."

ಅವರದೇನೂ ತಪ್ಪಿಲ್ಲ. ಆ ಬಾಗಿಲು ಎಂಥದ್ದು ಅಂತ ಗೊತ್ತಿದ್ದವಳು ಈ ಲೋಕದಲ್ಲಿ ಒಬ್ಬಳೇ. ಅವತ್ತು ಭಾನುವಾರವಲ್ಲ, ಹನ್ನೊಂದು ಗಂಟೆಯೂ ಅಲ್ಲ. ಇನ್ನೊಂದು ಸಲ ಯೋಚಿಸಿದರೆ ಮತ್ತೆ ಫೋನ್ ಇಟ್ಟುಬಿಡುತ್ತೇನೆ ಅಂತ ಗೊತ್ತಿತ್ತು. ಒತ್ತಿದೆ. ಆರನೇ ರಿಂಗಿಗೆ ಎತ್ತಿದಳು.

"ಯಾರು?"

"ನಾನು, ದೊಡ್ಡಮ್ಮ."

"ಪಾಪು ಹುಷಾರಾಗಿದ್ದಾಳಾ?"

"ಹುಷಾರು. ಹಲ್ಲು ಬರ್ತಿದೆ."

"ಸರಿ. ಏನು ಹೇಳಿ."

"ಬಾಗಿಲು ತೆಗೀತು. ಆ ಹುಡುಗಿ ಮೇಲೆ ಹತ್ತಿದ್ಲು. ಅದೊಂದು ಬಾತುಕೋಳಿ."

"ಬಾತುಕೋಳಿನಾ?" ಅವಳ ದನಿ ಏರಿತು. "ಸಾವಿರ ಬಾತುಕೋಳಿ ಹೆಣೆದಿರಬೇಕು ನಾನು, ಗೊತ್ತಾಗ್ಲಿಲ್ಲ ನೋಡು. ಮತ್ತೆ ಮೂರನೇ ಸಾಲು ತಪ್ಪಿತ್ತಲ್ಲ?"

"ತಪ್ಪಿರಲಿಲ್ಲ. ಎಲ್ಲಾ ಸಾಲೂ ಎಡದಿಂದಲೇ ಓದ್ಬೇಕಿತ್ತು. ನೀನು ಕಡ್ಡಿ ತಿರುಗಿಸಿದ ಹಾಗೆ ತಿರುಗಿಸ್ತಾ ಹೋಗಿದ್ದೀಯ."

"ಎಲ್ಲಾ ಸಾಲೂ ಎಡದಿಂದಾನಾ?" ಅವಳಿಗೆ ಸಿಟ್ಟೇ ಬಂತು. "ಹಾಗೆ ಯಾರಾದ್ರೂ ಹೆಣೀತಾರಾ? ಒಂದೊಂದು ಸಾಲಿಗೂ ದಾರ ಕತ್ತರಿಸ್ಬೇಕಾಗುತ್ತೆ."

ನನಗೆ ನಗು ಬಂದುಬಿಟ್ಟಿತು. ಇಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು, ಇಲ್ಲಿಂದ ಮುಂದೆ ಎಲ್ಲ ಮೊದಲಿನ ಹಾಗೆ ಅಂತ ಇಬ್ಬರೂ ಸುಮ್ಮನಾಗಬಹುದಿತ್ತು.

"ದೊಡ್ಡಮ್ಮ, ಅವತ್ತು ನಾನು ಬಚ್ಚಲುಮನೆಯಿಂದ ಕೂಗಿದ್ದು. ನಿನ್ನ ಎಡಗಡೆಯಿಂದ. ನೀರು ಬೇರೆ ಬಿಟ್ಟಿದ್ದೆ. ನಿನಗೆ ಕೇಳಿಸೋ ಹಾಗೇ ಇರಲಿಲ್ಲ. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ."

ಆ ಕಡೆ ಏನೋ ಗುರ್ ಅನ್ನುತ್ತಿತ್ತು.

"ಏನಂದೆ? ಇಲ್ಲಿ ಯಾರೋ ನೀರಿನ ಮೋಟರ್ ಹಾಕಿದ್ದಾರೆ, ಏನೂ ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು."

ಮಗಳು ಆಗಷ್ಟೇ ಮಲಗಿದ್ದಳು. ನಾನು ಕುರ್ಚಿಯಿಂದ ಎದ್ದು ನಿಂತು, ಮೊದಲಿನಿಂದ, ಗಟ್ಟಿಯಾಗಿ ಹೇಳಿದೆ.